ಮಾರಮ್ಮನ ಗುಡಿ ಮುಂದಿನ ಹಂಪು

ಕಾಲೇಜು ಹುಡುಗರ ಬೈಕುಗಳ ಹಾವಳಿ ತಡೆಯಲು ರಸ್ತೆಗೊಂದು ಹಂಪು ಹಾಕಿಸಬೇಕೆಂದು ಸೋಲದೇವನಹಳ್ಳಿಯ ಆ ಬೀದಿಯವರು ಸಮಿತಿ ಕಟ್ಟಿದಾಗ, ಎಲ್ಲರಿಗಿಂತ ಜೋರು ಬಾಯಿ ಪಟಾಲಮ್ಮನದೇ. ವಾರ್ಡ್ ಸಭೆಯಲ್ಲಿ ಮೈಕು ಕಿತ್ತುಕೊಂಡು, "ನೀವೇ ಬಂದು ಈ ರಸ್ತೆ ದಾಟಿ ತೋರ್ಸಿ ಸ್ವಾಮಿ!" ಎಂದು ಇಂಜಿನಿಯರನ ಬೆವರಿಳಿಸಿದ್ದಳು.

ಪ್ರತಿ ಭಾನುವಾರ ಬೆಳಿಗ್ಗೆ ಮಾರಮ್ಮನ ಗುಡಿ ಕಟ್ಟೆಯ ಮೇಲೆ ಸಮಿತಿ ಸೇರುತ್ತಿತ್ತು. ಫ್ಲಾಸ್ಕಿನ ತುಂಬ ಟೀ ಅವಳದು. ವರ್ಷಗಟ್ಟಲೆ ಎದುರುಮನೆಯಲ್ಲಿದ್ದೂ ಮುಖ ಕೊಟ್ಟು ಮಾತಾಡದ ಸುಮಾ, "ತಿಂಡಿ ಆಯ್ತಾ ಆಂಟಿ?" ಎಂದು ಮೊದಲ ಸಲ ಕೇಳಿದ್ದು ಆ ಕಟ್ಟೆಯ ಮೇಲೆಯೇ. ಗಂಡ ಹೋದಮೇಲೆ ಪಟಾಲಮ್ಮನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ.

ಕೊನೆಗೂ ಹಂಪು ಬಂತು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು. ಆಮೇಲೆ ಗುಂಪು ತಣ್ಣಗಾಯಿತು.

ಆ ಭಾನುವಾರವೂ ಅವಳು ಫ್ಲಾಸ್ಕು ಹಿಡಿದು ಕಟ್ಟೆಗೆ ಬಂದಳು. ಯಾರೂ ಬರಲಿಲ್ಲ. ಲೋಟಕ್ಕೆ ಬಗ್ಗಿಸಿಕೊಂಡ ಟೀ ಕೆನೆಗಟ್ಟಿತು. ಕಣ್ಣೆದುರಿಗೇ ಹಂಪು. ಬಂದ ಗಾಡಿಯೆಲ್ಲ ಅವಳ ಮುಂದೆ ನಿಧಾನವಾಗಿ, ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ, ಎದ್ದು ಇಳಿದು ಹೊರಟುಹೋಗುತ್ತಿತ್ತು.

"ದರಿದ್ರದ್ದು" ಎಂದು ಗೊಣಗಿ, ಫೋನನ್ನು ಬಾಯಿಗೆ ಹಿಡಿದು ಗುಂಪಿಗೆ ಮಾತು ಕಳಿಸಿದಳು:

"ಏನ್ ಅಂಪ್ ಆಕವ್ರೆ ಕಣ್ರೀ, ಬೆಟ್ಟ ಇದ್ದಂಗೈತೆ! ಇದನ್ನ ತೆಗ್ಸೋವರ್ಗೂ ನಾವು ಬಿಡ್ಬಾರ್ದು. ಮುಂದಿನ್ ಭಾನ್ವಾರ ಎಲ್ರೂ ಬನ್ನಿ. ಟೀ ನಾನೇ ತರ್ತೀನಿ."