ನೋಡುವಂಥದ್ದು ಏನೂ ಇಲ್ಲ

“ಗಡಾಯಿಕಲ್ಲಿನ ಬಂಡೆಯನ್ನು ನಾನು ಏಳು ಸಲ ಹತ್ತಿದವಳು, ಗೊತ್ತುಂಟಾ?” ಸಿದ್ದಕಟ್ಟೆಯ ತಿರುವಿನಲ್ಲಿ ಕಾರು ವಾಲಿದಾಗ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕಮಲಾವತಿ ಹಿಂದಿನ ಸೀಟಿನವರಿಗೆ ಹೇಳಿದಳು.

“ಏಳ ಸಲ?” ಸಾಧನಾ ಕಣ್ಣರಳಿಸಿದಳು.

“ಏಳು ಅಂದರೆ ಹತ್ತಿದ್ದೂ ಇಳಿದದ್ದೂ ಸೇರಿಸಿ. ಕಡೆಯ ಸಲ ಹತ್ತಿದ್ದು ಮಾತ್ರ ನಾನು, ಇಳಿಸಿದ್ದು ನಾಲ್ಕು ಜನ ಹೊತ್ತುಕೊಂಡು. ಅರ್ಧ ಸುಳ್ಳು ಅಂತ ಇಟ್ಟುಕೊಳ್ಳಿ. ಉಳಿದರ್ಧ ದೇವರಾಣೆ ಸತ್ಯ.”

ಸ್ಟಿಯರಿಂಗ್ ಹಿಡಿದಿದ್ದ ನಿಝಾರ್ ನಕ್ಕ. ಇಪ್ಪತ್ತು ವರ್ಷದಿಂದ ಫರಂಗಿಪೇಟೆಯಲ್ಲಿ ಬಾಡಿಗೆ ಕಾರು ಓಡಿಸುವ ಅವನಿಗೆ ಈ ಅಜ್ಜಿಯ ನಾಲಗೆಯ ಪರಿಚಯವಿತ್ತು. ಹಿಂದೆ ಕುಳಿತಿದ್ದ ಸಮ್ಮೇದ್ ಮತ್ತು ಸಾಧನಾ ದಂಪತಿಗೆ ಇರಲಿಲ್ಲ. ಅವರು ಅಥಣಿಯ ಕಡೆಯವರು, ಕಮಲಾವತಿಯ ಮೈದುನನ ಮಗ ಅಜಿತಕುಮಾರನ ಹೆಂಡತಿಯ ನಂಟರು. ಕರಾವಳಿ ನೋಡಲೆಂದು ಬಂಟ್ವಾಳಕ್ಕೆ ಬಂದು ಎರಡು ದಿನವಾಗಿತ್ತು. “ದೊಡ್ಡಮ್ಮ, ನೀವೇ ಜೊತೆಗೆ ಹೋಗಿ. ಅವರು ಏನು ಕೇಳಿದರೂ ತೋರಿಸಿ. ಗಡಿಬಿಡಿ ಮಾತ್ರ ಮಾಡ್ಬೇಡಿ, ನಮ್ಮ ಮರ್ಯಾದೆ ಪ್ರಶ್ನೆ” ಎಂದಿದ್ದ ಅಜಿತಕುಮಾರ. ಕಮಲಾವತಿ ಕೂಡಲೇ ಒಪ್ಪಿದ್ದಳು. ಅವರ ಪಟ್ಟಿಯಲ್ಲಿ ಕೊನೆಯದು ಚಾರ್ಮಾಡಿ ಘಾಟಿ, ಆ ದಾರಿಯಲ್ಲೇ ಮುಂಡಾಜೆ.

ಮುಂಡಾಜೆಯಲ್ಲಿ ಅವಳ ಅಕ್ಕ ಗುಣವತಿ ಇದ್ದಳು. ಒಂಬತ್ತು ವರ್ಷದಿಂದ ಅಕ್ಕತಂಗಿಯರಿಗೆ ಮಾತಿರಲಿಲ್ಲ. ಯಾರದೋ ಮದುವೆಯ ಪಂಕ್ತಿಯಲ್ಲಿ ಕುಳಿತು ಕಮಲಾವತಿ, “ನಮ್ಮಕ್ಕನ ಸಾರನ್ನು ನೇತ್ರಾವತಿಗೆ ಹೊಯ್ದರೆ ಸಮುದ್ರಕ್ಕೇ ಉಪ್ಪು ಜಾಸ್ತಿಯಾದೀತು” ಎಂದಿದ್ದಳು. ಇಡೀ ಪಂಕ್ತಿ ನಕ್ಕಿತ್ತು. ಬಡಿಸುತ್ತಿದ್ದ ಅಕ್ಕ ನಕ್ಕಿರಲಿಲ್ಲ. ಮೊನ್ನೆ ಇದ್ದಕ್ಕಿದ್ದಂತೆ ಅಕ್ಕನ ಸೊಸೆ ಫೋನು ಮಾಡಿದ್ದಳು. ಅತ್ತೆಗೆ ಎಂಬತ್ತನಾಲ್ಕು ತುಂಬಿತು, ಈಗ ದಿನಕ್ಕೆ ಒಂದೇ ಊಟದ ವ್ರತ ಹಿಡಿದಿದ್ದಾರೆ, “ಬುಧವಾರ ಅವಳು ಊಟಕ್ಕೆ ಬರಲಿ. ಅವಳು ಬಂದ ಮೇಲೆಯೇ ನಾನು ಎಲೆಯ ಮುಂದೆ ಕೂರುವುದು” ಅಂತ ಹೇಳಿದ್ದಾರೆ ಎಂದು. ಹೊತ್ತು ಮುಳುಗಿದ ಮೇಲೆ ಆ ಜೈನ ಮನೆಯಲ್ಲಿ ಯಾರೂ ಒಂದು ಅಗುಳನ್ನೂ ಬಾಯಿಗಿಡುವವರಲ್ಲ. ಕಮಲಾವತಿಯೂ ಅಷ್ಟೆ. ತಡವಾದರೆ ಮುದುಕಿ ಮರುದಿನದವರೆಗೆ ಉಪವಾಸ. ಎರಡು ಗಂಟೆಗೆಲ್ಲ ಬಂದೇನೆಂದು ಕಮಲಾವತಿ ಮಾತು ಕೊಟ್ಟಿದ್ದಳು. ಜಗಳದ ಸುದ್ದಿಯನ್ನು ನಂಟರ ಮುಂದೆ ಬಿಚ್ಚಲು ನಾಚಿಕೆಯಾಗಿ, “ದಾರಿಯಲ್ಲಿ ಅಕ್ಕನ ಮನೆ ಉಂಟು, ಒಮ್ಮೆ ಇಣುಕಿ ಹೋಗುವ” ಎಂದಷ್ಟೇ ಹೇಳಿದ್ದಳು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಅವಳ ನಾಲಗೆಯೇ ಅವಳಿಗೆ ಮೊದಲ ಏಟು ಕೊಟ್ಟಿತು. ಒಳಗೆ ಕಾಲಿಟ್ಟದ್ದೇ ತಡ, “ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಎರಡು ಒಂದೇ ರೀತಿಯದ್ದು ತೋರಿಸಿದರೆ ನನ್ನ ಕಿವಿಯ ಓಲೆ ಬಿಚ್ಚಿಕೊಡ್ತೇನೆ” ಎಂದುಬಿಟ್ಟಳು. ಊರಿಗೆ ಬಂದವರಿಗೆಲ್ಲ ಹೇಳುವ ಮಾತು, ಅದನ್ನು ಯಾರೂ ಪರೀಕ್ಷೆ ಮಾಡಿದ್ದಿಲ್ಲ. ಸಮ್ಮೇದ್ ಫೋನು ತೆಗೆದು ಮೊದಲ ಕಂಬದ ಮುಂದೆ ನಿಂತ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು.

ಹನ್ನೊಂದಾಯಿತು, ಹನ್ನೆರಡೂವರೆಯಾಯಿತು.

“ಸಾಕಲ್ಲ ಮಗ? ಎಲ್ಲ ಕಲ್ಲೇ.”

“ಖರೇನ ಐತ್ರಿ ಅಜ್ಜಿ, ಒಂದರಂಗ ಒಂದಿಲ್ಲ. ಇನ್ನ ಎರಡ ಸಾಲ ಉಳದಾವ, ನೀವ ಕುಂದರ್ರಿ.”

ಕಮಲಾವತಿ ಜಗಲಿಯಲ್ಲಿ ಕುಳಿತು, ಇಷ್ಟೊಂದು ಕಂಬ ನಿಲ್ಲಿಸಿದವರ ಏಳೇಳು ತಲೆಮಾರನ್ನೂ ಮನಸ್ಸಿನಲ್ಲೇ ವಿಚಾರಿಸಿಕೊಂಡಳು. ಆಮೇಲೆ ಹೋಟೆಲಿನಲ್ಲಿ ಅವರಿಬ್ಬರೂ ಊಟ ಮಾಡುವಾಗ ಅವಳು ನೀರನ್ನಷ್ಟೇ ಕುಡಿದಳು. ಹೊಟ್ಟೆ ತಾಳ ಹಾಕುತ್ತಿತ್ತು. ಅಕ್ಕನ ಎಲೆಯ ಮುಂದೆ ತುಂಬಿದ ಹೊಟ್ಟೆಯಲ್ಲಿ ಕೂರುವ ಹಾಗಿರಲಿಲ್ಲ.

ವೇಣೂರು ಬರುವಷ್ಟರಲ್ಲಿ ಅವಳು ಬುದ್ಧಿ ಕಲಿತಿದ್ದಳು. ಇನ್ನು ಯಾವುದನ್ನೂ ಹೊಗಳುವುದಿಲ್ಲವೆಂದು ಹಲ್ಲು ಕಚ್ಚಿಕೊಂಡಳು.

“ಇಲ್ಲಿ ಏನೈತ್ರಿ ಅಜ್ಜಿ?”

“ಏನೂ ಇಲ್ಲ. ಗೊಮ್ಮಟ ಉಂಟು. ಸುಮ್ಮನೆ ನಿಂತಿದ್ದಾನೆ ಅಷ್ಟೆ. ಕೈಮುಗಿದು ಹೊರಡುವ.” ಹೇಳಿದ್ದೇ ಕೆನ್ನೆಕೆನ್ನೆ ಬಡಿದುಕೊಂಡಳು. ‘ಸ್ವಾಮೀ, ನಾಲಗೆಗೆ ಎಲುಬಿಲ್ಲ, ಮನ್ನಿಸು’ ಎಂದು ಒಳಗೊಳಗೇ ಬೇಡಿಕೊಂಡಳು.

ಸಾಧನಾ ಗಂಡನ ಕಿವಿಯಲ್ಲಿ ಹೇಳಿದ್ದು ಅವಳಿಗೂ ಕೇಳಿಸಿತು. “ಕಂಬಕ್ಕ ಅಷ್ಟ ಹೊಗಳಿದವ್ರು ಇಲ್ಲಿ ಏನೂ ಇಲ್ಲ ಅಂತಾರ ಅಂದ್ರ, ಹೇಳಾಕ ಮಾತ ಬರಲಾರದಷ್ಟ ಭಾರೀ ಇರಬೇಕ್ರಿ.”

ಅಲ್ಲಿ ಮತ್ತೂ ಒಂದೂವರೆ ಗಂಟೆ ಹೋಯಿತು. ಗೊಮ್ಮಟನ ಎದುರು ನಿಂತು ಕಮಲಾವತಿ ತಲೆಯೆತ್ತಿದಳು. ಬಳ್ಳಿ ಬಂದು ಕಾಲಿಗೆ ಸುತ್ತಿಕೊಂಡರೂ ಕದಲದೆ ನಸುನಗುತ್ತಿದ್ದ. ‘ನಿನಗೇನಪ್ಪಾ, ನಿನಗೆ ಊಟವೂ ಬೇಡ, ಎಲೆ ಹಾಕಿ ಕಾಯುವ ಅಕ್ಕನೂ ಇಲ್ಲ’ ಎಂದುಕೊಂಡಳು. ಸೊಸೆಯ ಫೋನು ಎರಡು ಸಲ ಬಂತು. “ಬಂದೆ ಬಂದೆ, ಇಲ್ಲೇ ಮೂಗಿನ ತುದಿಯಲ್ಲಿದ್ದೇನೆ” ಎಂದಳು. ಮೂಗಿಗೂ ಮುಂಡಾಜೆಗೂ ನಡುವೆ ಇನ್ನೂ ಹತ್ತಿಪ್ಪತ್ತು ಮೈಲಿಯಿತ್ತು.

ಬೆಳ್ತಂಗಡಿ ಹತ್ತಿರವಾದಾಗ ಮರಗಳ ಮೇಲಿನಿಂದ ಗಡಾಯಿಕಲ್ಲು ಬೋಳು ತಲೆಯೆತ್ತಿತು. ಸಾಧನಾ ಕಿರುಚಿದಳು. “ಅಜ್ಜಿ, ಅದ ಅಲ್ರೀ ನೀವ ಏಳ ಸಲ ಏರಿದ್ದು! ಕೆಳಗ ನಿಂತಾದ್ರೂ ನೋಡೂಣು ನಡ್ರಿ!”

“ಬೇಡ ಮಾರಾಯ್ತಿ. ಬರೀ ಬಂಡೆ. ನೋಡುವಂಥದ್ದು ಏನೂ ಇಲ್ಲ. ಮೇಲೆ ಹತ್ತಿದರೆ ಗಾಳಿ, ಕೆಳಗೆ ಇಳಿದರೆ ಮೊಣಕಾಲು ನೋವು.”

“ನಾಚಿಕಿ ಬ್ಯಾಡ್ರಿ ಅಜ್ಜಿ,” ಎಂದ ಸಮ್ಮೇದ್. “ನಿಮ್ಮನ್ನ ಅದರ ಮುಂದ ನಿಲ್ಲಿಸಿ ಒಂದ ಫೋಟೊ ತಗೀಲೇಬೇಕು.”

ಕಾರು ಅಡ್ಡದಾರಿ ಹಿಡಿಯಿತು. ಹತ್ತುವ ಹೊತ್ತು ಮೀರಿತೆಂದು ಕಾವಲಿನವನು ಗೇಟಿನಲ್ಲೇ ತಡೆದಾಗ ಕಮಲಾವತಿ ಅವನಿಗೆ ನೂರು ವರ್ಷ ಆಯುಷ್ಯ ಹಾರೈಸಿದಳು. ಆದರೂ ಗದ್ದೆಯ ಬದುವಿನಲ್ಲಿ ನಿಲ್ಲಿಸಿ, “ಸ್ವಲ್ಪ ಎಡಕ್ಕ, ಸ್ವಲ್ಪ ನಗ್ರಿ” ಎಂದು ಫೋಟೊದ ಮೇಲೆ ಫೋಟೊ ತೆಗೆದರು. ಅವಳ ನೆರಳು ಗದ್ದೆಯ ಆಚೆ ಬದುವಿಗೆ ಮುಟ್ಟಿತ್ತು.

“ನಗಲಿಕ್ಕೆ ಏನುಂಟು ನನ್ನ ಮುಸುಡಿಗೆ!” ಅವಳು ಇದ್ದಕ್ಕಿದ್ದಂತೆ ಕೂಗಿದಳು. “ಅಲ್ಲಿ ನನ್ನ ಅಕ್ಕ ಬೆಳಿಗ್ಗೆಯಿಂದ ಉಣ್ಣದೆ ಕೂತಿದ್ದಾಳೆ. ನಾನು ಹೋಗದೆ ಉಣ್ಣುವುದಿಲ್ಲ.”

ಸಮ್ಮೇದ್ ನಕ್ಕ. “ಬೆಳಿಗ್ಗಿಯಿಂದ ಅಷ್ಟ ಏನ್ರಿ? ನೀವ ಹೇಳೂದ ನೋಡಿದ್ರ ಏಳ ದಿನಾ ಅಂತೀರಿ ಅನ್ಕೊಂಡಿದ್ದೆ.”

ಕಮಲಾವತಿ ಬದುವಿನ ಮೇಲೆ ಹಾಗೇ ಕುಳಿತಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಸಾಧನಾ ಗಂಡನ ಕೈಯಿಂದ ಫೋನು ಕಿತ್ತುಕೊಂಡು ಚೀಲಕ್ಕೆ ಹಾಕಿದಳು.

ನಿಝಾರ್ ಹತ್ತಿರ ಬಂದ. “ಎಷ್ಟು ಹೊತ್ತಿನೊಳಗೆ ಉಣ್ಣಬೇಕಮ್ಮ?”

“ಹೊತ್ತು ಮುಳುಗುವ ಮೊದಲು.”

“ಇವತ್ತು ಆರು ಗಂಟೆ ಏಳು ನಿಮಿಷಕ್ಕೆ,” ಎಂದ ಅವನು, ಗಡಿಯಾರವನ್ನೂ ನೋಡದೆ. “ಮುಳುಗುವ ಹೊತ್ತು ನನಗೆ ಬಾಯಿಪಾಠ. ನಮ್ಮ ಉಪವಾಸ ಮುಳುಗಿದ ಮೇಲೆ ಬಿಡುವುದು, ನಿಮ್ಮದು ಮುಳುಗಿದ ಮೇಲೆ ಹಿಡಿಯುವುದು. ಬನ್ನಿ, ಹತ್ತಿ. ಬೆಳಿಗ್ಗೆಯೇ ಹೇಳ್ಲಿಕ್ಕೆ ಏನಾಗಿತ್ತು ನಿಮಗೆ? ಇಲ್ಲದ್ದೆಲ್ಲ ಹೇಳ್ತೀರಿ, ಇದ್ದದ್ದೊಂದು ಹೇಳ್ಲಿಕ್ಕಾಗುವುದಿಲ್ಲ!”

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕಾರು ಹತ್ತಿದಳು. ಉಜಿರೆಯ ಪೇಟೆಯಲ್ಲಿ ಎರಡು ಬಸ್ಸುಗಳು ಮೂಗಿಗೆ ಮೂಗು ತಾಗಿಸಿಕೊಂಡು ನಿಂತಿದ್ದವು. ಸಮ್ಮೇದ್ ತಾನೇ ಇಳಿದು, ರಸ್ತೆಯ ನಡುವೆ ನಿಂತು ಕೈಬೀಸಿ, ಅಥಣಿಯ ಭಾಷೆಯಲ್ಲಿ ಎರಡೂ ಡ್ರೈವರುಗಳನ್ನು ತರಾಟೆಗೆ ತೆಗೆದುಕೊಂಡ. ಅರ್ಥವಾಗದೆಯೋ ಏನೋ ಅವರು ದಾರಿ ಬಿಟ್ಟರು.

ಮುಂಡಾಜೆಯ ಆ ಮನೆ ರಸ್ತೆಯಿಂದ ಒಂದಿಷ್ಟು ಕೆಳಗೆ, ತಗ್ಗಿನಲ್ಲಿತ್ತು. ಕಾರು ನಿಂತದ್ದೇ ಕಮಲಾವತಿ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಇಳಿದಳು. ಅವಳು ಬಿದ್ದಾಳೆಂದು ನಿಝಾರ್ ಹಿಂದೆಯೇ ಓಡಿದ. ಜಗಲಿಯ ಕಂಬಕ್ಕೊರಗಿ ಗುಣವತಿ ಕುಳಿತಿದ್ದಳು. ಮೊದಲೇ ಸಣ್ಣ ಮೈ, ಈಗ ಇನ್ನೂ ಸಣ್ಣದಾಗಿತ್ತು. ಒಳಗೆ ಎರಡು ಎಲೆ ಹಾಕಿದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ತಗ್ಗಿಗೆ ಆಗಲೇ ನೆರಳು ಕವಿದಿತ್ತು. ಸೂರ್ಯ ಮರದ ಹಿಂದಿದ್ದಾನೋ, ಗುಡ್ಡದ ಹಿಂದಿದ್ದಾನೋ ಹೇಳುವಂತಿರಲಿಲ್ಲ.

“ಮುಳುಗಿತಾ?” ಎಂದಳು ಗುಣವತಿ. ಒಂಬತ್ತು ವರ್ಷದ ನಂತರದ ಮೊದಲ ಮಾತು.

“ಇಲ್ಲ ಅಕ್ಕ.”

“ನಿನ್ನ ಬಾಯಿಯಿಂದ ಬಂದದ್ದನ್ನು ನಂಬುವುದಾ?” ಮುದುಕಿ ಅಂಗಳದ ಕಡೆ ಮುಖ ತಿರುಗಿಸಿದಳು. “ನೀವು ಹೇಳಿ ಅಣ್ಣಾ. ಮುಳುಗಿತಾ?”

ನಿಝಾರ್ ಫೋನು ತೆಗೆದು ನೋಡಿದ. “ಇನ್ನೂ ನಾಲ್ಕು ನಿಮಿಷ ಉಂಟಮ್ಮ. ಇದು ನಾನು ಹೇಳುವುದು, ಅವರಲ್ಲ.”

ಗುಣವತಿ ಎದ್ದು ನಿಲ್ಲಲು ಕೈ ಚಾಚಿದಳು. ಕಮಲಾವತಿ ಆ ಕೈ ಹಿಡಿದಳು. ಇಬ್ಬರೂ ಒಳಗೆ ಹೋದರು, ಯಾರೋ ಬಾಗಿಲು ಮುಂದೆ ಮಾಡಿದರು.

ನಿಝಾರ್ ಮೇಲೆ ಬಂದ. ಎಲ್ಲೋ ದೂರದಿಂದ ಬಾಂಗು ಕೇಳಿಸಿತು. ಅವನು ರಸ್ತೆಯ ಬದಿಯಲ್ಲಿ ಬಾಟಲಿ ನೀರಿನಿಂದ ಕೈಕಾಲು ತೊಳೆದು, ತುಸು ಆಚೆ ನಮಾಝಿಗೆ ನಿಂತ. ಸಾಧನಾ ಚಪ್ಪಲಿ ಜೋಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೆಳಗಿನ ಮನೆ ನೋಡುತ್ತಿದ್ದಳು. ಘಾಟಿಯ ಕಡೆಯ ಬೆಟ್ಟಗಳು ಕಪ್ಪಾದವು. ಇನ್ನು ಚಾರ್ಮಾಡಿಯಲ್ಲಿ ಏನೂ ಕಾಣುವಂತಿರಲಿಲ್ಲ. ಹೋಗಬೇಕೆಂದು ಯಾರೂ ಹೇಳಲಿಲ್ಲ.

ಕಮಲಾವತಿ ಮೇಲೆ ಬಂದಾಗ ಮುಖ ಸರಿಯಾಗಿ ಕಾಣದಷ್ಟು ಕತ್ತಲಾಗಿತ್ತು. ಮುಂದಿನ ಸೀಟಿನಲ್ಲಿ ಕುಳಿತು ಉಸಿರು ಬಿಟ್ಟಳು. ಒಳಗಿನ ದೀಪ ಹೊತ್ತಿತು. ಅವಳ ಬಲಗೈ ಬೆರಳುಗಳು ಒದ್ದೆಯಾಗಿದ್ದವು, ಸಾರಿನ ಪರಿಮಳವೂ ಇತ್ತು. ಎಡ ಭುಜದ ಮೇಲೆ ಸೀರೆಯೂ ಒದ್ದೆಯಾಗಿತ್ತು.

“ಊಟ ಆತೇನ್ರಿ ಅಜ್ಜಿ?” ಸಮ್ಮೇದ್ ಮೆತ್ತಗೆ ಕೇಳಿದ.

“ಮೂಡುಬಿದಿರೆಯಲ್ಲಿ ಒಂದೊಂದು ಕಂಬ ಪರೀಕ್ಷೆ ಮಾಡಿದವನಲ್ಲವಾ ನೀನು? ಈಗ ಇದನ್ನು ಹೇಳು ನೋಡುವ. ಇಬ್ಬರು ಮುದುಕಿಯರು, ಎರಡು ಎಲೆ, ನಾಲ್ಕು ನಿಮಿಷ. ಏನಾಗಿರಬಹುದು?”