ಎಡಕ್ಕೆ ಬಿದ್ದ ಹೂವು

ಈಗ ಹೇಳುವುದು ನಡೆದದ್ದೇ. ನಗುವ ಜಾಗವೂ ಇದೆ, ಆದರೆ ಅದು ತುದಿಯಲ್ಲಿ. ಅಲ್ಲಿಯವರೆಗೆ ಸ್ವಲ್ಪ ತಾಳಿಕೊಳ್ಳಬೇಕು.

ತಡಸದ ನೀಲಪ್ಪನ ಮನೆಯಲ್ಲಿ ದೇವರ ಹೂವನ್ನು ಕೇಳದೆ ಎಮ್ಮೆ ಕೊಟ್ಟಿಗೆ ಹೊಗುತ್ತಿರಲಿಲ್ಲ, ಹೊಲಿಗೆ ಯಂತ್ರ ಹೊಸ್ತಿಲು ದಾಟುತ್ತಿರಲಿಲ್ಲ. ಪೂಜಾರಿ ಗೋಣೆಪ್ಪಜ್ಜ ಮೂರ್ತಿಗೆ ಒದ್ದೆ ಹೂ ಅಂಟಿಸುವನು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಊಹೂಂ ಆಯಿತೆಂದರೆ ಮೂರು ದಿನ ಮತ್ತೆ ಕೇಳುವಂತಿಲ್ಲ. ಅಜ್ಜ ಎರಡು ಸಲ ಕೆಮ್ಮಿ "ಅಪ್ಪಣೀ ಆಗೇತಿ..." ಎಂದು ರಾಗ ಎಳೆಯುವುದನ್ನು ನೀಲಪ್ಪನ ಮಗಳು, ಬಿ.ಎ. ಕೊನೆಯ ವರ್ಷದ ಸವಿತಾ, ಹಾಗೆಹಾಗೇ ಅಣಕಿಸುತ್ತಿದ್ದಳು. ಒಲೆಯ ಮುಂದೆ ಅವಳ ಅವ್ವ ಹೊಳೆವ್ವ ಸೆರಗು ಬಾಯಿಗೊತ್ತಿ ನಗುವಳು.

"ದೇವ್ರ ಮಾತು ಅಣಕಸ್ತೀ? ನಾಲಗಿ ಸೇದಿಬಿಡ್ತೇನಿ ನೋಡು," ಎಂದು ನೀಲಪ್ಪ ಗದರುವನು.

ಒಂದು ಸೋಮವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಹೊಳೆವ್ವನ ಕೈ ತಟ್ಟನೆ ನಿಂತಿತು.

"ಯವ್ವಾ! ತಲ್ಯಾಗ ಏನೋ ಪಟ್ ಅಂತ ಒಡದಂಗಾತು!"

ವಾಂತಿಯಾಯಿತು. ಕುತ್ತಿಗೆ ಸೆಟೆಯಿತು. ಬೆಳಕು ಕಂಡರೆ ನರಳುವಳು.

"ಅಪ್ಪಾ, ಹುಬ್ಬಳ್ಳಿಗೆ ಒಯ್ಯೂಣು. ಇಂಥಾ ತಲಿನೋವು ಅವ್ವಗ ಎಂದೂ ಬಂದಿಲ್ಲ."

"ಗಾಳಿ ಸೋಕೇತಿ. ಹೂ ಕೇಳಾಕ ಕಳಿಸೇನಿ, ಸುಮ್ಮಕಿರು."

ಹೂ ಎಡಕ್ಕೆ ಬಿತ್ತು. ಗುರುವಾರದ ತನಕ ರೋಗಿ ಹೊಸ್ತಿಲು ದಾಟಕೂಡದು. ಗುಡಿಯಿಂದ ಹಣೆಗೆ ಅಂಗಾರ ಬಂತು, ಅಂಗಡಿಯಿಂದ ಮಾತ್ರೆ ಬಂತು. ಸವಿತಾ ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ ತಿರುಗಿದಳು. ೧೦೮ ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದಳು. ಗಾಡಿ ಬಂದರೂ ಅಪ್ಪ ಬಾಗಿಲಿಗೆ ಅಡ್ಡ ನಿಲ್ಲುವವನೇ.

ಮಂಗಳವಾರ ಹೊಳೆವ್ವ ಎದ್ದು ಕೂತು ಗಂಜಿ ಕುಡಿದಳು. "ನೋಡಿದಿ?" ಎಂದ ನೀಲಪ್ಪ. ಬುಧವಾರ ಬೆಳಿಗ್ಗೆ ಒಮ್ಮೆ ಕಿರುಚಿದಳು, ಅಷ್ಟೇ. ಎಡಗೈ ಜೋತುಬಿತ್ತು, ಕಣ್ಣು ಅರೆಮುಚ್ಚಿತು.

"ಇನ್ನೊಂದ ದಿನ... ನಾಳಿಗೆ ಕೇಳಬಹುದು..." ನೀಲಪ್ಪ ಬಾಗಿಲಿಗೆ ಅಡ್ಡ ನಿಂತ.

ಸವಿತಾ ಪಕ್ಕದ ಮನೆಯ ದಿಲ್ಶಾದಳ ಬಳಿ ಓಡಿದಳು. ಗೋಣೆಪ್ಪಜ್ಜನಿಗೆ ಸ್ವಂತ ಫೋನಿಲ್ಲ, ಸಿಕ್ಕವರ ಫೋನಿನಿಂದಲೇ ಅಪ್ಪಣೆ ಹೇಳುವುದು ರೂಢಿ. ಗೆಳತಿಯ ಫೋನಿನಿಂದ ಅಪ್ಪನಿಗೆ ಹಚ್ಚಿ ಎರಡು ಸಲ ಕೆಮ್ಮಿದಳು.

"ನೀಲಪ್ಪಾ... ಅಪ್ಪಣೀ ಆಗೇತಿ... ಹೂ ತಾನಾಗೇ ಬಲಕ್ಕ ಬಿತ್ತೋ... ಈಗಿಂದೀಗ ಹುಬ್ಬಳ್ಳಿಗೆ ಒಯ್ಯಿ..."

"ಆತ್ರಿ ಅಜ್ಜಾರ! ಆತ್ರಿ!" ಆ ಕಡೆ ಅಪ್ಪ ಅಳುತ್ತಿದ್ದ. ದಿಲ್ಶಾದ ಗಾಡಿ ಕರೆಸಿದಳು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಡಾಕ್ಟರ್ ಪ್ರಿಯಂವದಾ ಮಿದುಳಿನ ಚಿತ್ರ ಹಿಡಿದು ಹೇಳಿದರು: "ನೋಡ್ರಿ ನೀಲಪ್ಪಾರ, ರಕ್ತನಾಳ ಇಲ್ಲೆ ಗುಳ್ಳಿ ಹಂಗ ಉಬ್ಬಿತ್ತು. ಸೋಮವಾರ ಒಡದದ. ಇವತ್ತ ಎರಡನೇ ಸಲ ರಕ್ತ ಸುರದದ. ತಲಿ ತೆರಿಯೂದಿಲ್ಲ. ತೊಡೀಸಂದಿ ನಾಳದಿಂದ ಸಣ್ಣ ನಳಿಗಿ ಏರಿಸಿ, ಗುಳ್ಳಿಯೊಳಗ ಪ್ಲಾಟಿನಂ ಸುರುಳಿ ತುಂಬತೇವಿ."

"ಅಪಾಯ ಏನಿಲ್ಲಲ್ರಿ?"

"ಅಪಾಯ ಅದ ರೀ. ತುಂಬೂ ಹೊತ್ತಿನ್ಯಾಗ ಗುಳ್ಳಿ ಮತ್ತ ಒಡೀಬಹುದು, ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೀಬಹುದು. ಛಲೋ ಆದ್ರೂ ಎರಡ ವಾರ ನಾಳ ಬಿಗಿಯೂ ಭಯ ಇರ್ತದ. ಮುಂದ ಗುಳ್ಳಿಗೆ ಮತ್ತ ರಕ್ತ ತುಂಬಬಹುದು, ಅದಕ್ಕ ತಪಾಸಣಿಗೆ ಬರಬೇಕು. ಆದ್ರ ಹಂಗ ಬಿಟ್ಟು ಮೂರನೇ ಸಲ ಒಡದ್ರ, ಉಳಸೂದು ಭಾಳ ಕಷ್ಟ."

ನೀಲಪ್ಪನ ಪೆನ್ನು ಒಪ್ಪಿಗೆ ಕಾಗದದ ಮೇಲೆ ನಿಂತುಬಿಟ್ಟಿತು. "ಇಷ್ಟ ಅಪಾಯ ಅಂದ್ರ... ಅಜ್ಜಾರ್ನ ಒಂದ ಮಾತು ಕೇಳೂಣು."

ಹೊರಗೆ ಹೋಗಿ ಇನ್ನೆರಡು ಸಲ ಕೆಮ್ಮಿದರೆ ಕೆಲಸವಾಗುತ್ತಿತ್ತು. ಸವಿತಾ ಬಾಗಿಲ ತನಕ ಹೋದಳು. ಇವತ್ತು ಕೆಮ್ಮಬಹುದು. ನಾಳೆ? ಮುಂದಿನ ತಪಾಸಣೆಗೆ? ಜೀವನವಿಡೀ? ತಿರುಗಿ ಬಂದಳು.

"ಕೇಳಬ್ಯಾಡ ಅಪ್ಪಾ. ಮುಂಜಾನಿ ಫೋನಿನ್ಯಾಗ ಅಜ್ಜ ಇದ್ದಿಲ್ಲ. ನಾನಿದ್ದೆ." ಎರಡು ಸಲ ಕೆಮ್ಮಿದಳು. "ಅಪ್ಪಣೀ ಆಗೇತಿ..."

ನೀಲಪ್ಪನ ಕೈ ಮೇಲೆದ್ದಿತು.

"ಹೊಡಿ. ಆದ್ರ ಮೊದಲ ಸಹಿ ಮಾಡು. ಎರಡ ದಿನ ಹೂವಿನ ಮಾತು ಕೇಳಿದಿ, ಅವ್ವನ ಕೈ ಹೋತು. ನಾನೂ ಸೋಮವಾರ ಕೆಮ್ಮಲಿಲ್ಲ, ನಂದೂ ತಪ್ಪೈತಿ. ಈಗ ನೀ ಹೇಳು. ಹೂ ಅಲ್ಲ, ನೀ."

ಎತ್ತಿದ ಕೈ ಇಳಿಯಿತು. ಸೊಟ್ಟಸೊಟ್ಟ ಸಹಿ ಬಿತ್ತು.

ಸುರುಳಿಗಳು ಗುಳ್ಳೆಯೊಳಗೆ ಭದ್ರವಾಗಿ ಕೂತವು. ಮೂರು ವಾರಕ್ಕೆ ಹೊಳೆವ್ವ ಮನೆಗೆ ಬಂದಳು. ಎಡಗೈ ಮಾತ್ರ ಜೋತುಬಿದ್ದದ್ದು ಏಳಲಿಲ್ಲ. "ಸೋಮವಾರನ ಬಂದಿದ್ರ ಉಳೀತಿತ್ತೋ ಏನೋ," ಎಂದಿದ್ದರು ಡಾಕ್ಟರು. ಆ 'ಏನೋ' ನೀಲಪ್ಪನಿಗೆ ಊಟ ಸೇರಗೊಡುತ್ತಿರಲಿಲ್ಲ.

ಒಂದು ಸಂಜೆ ಗೋಣೆಪ್ಪಜ್ಜ ಹೂವಿನ ಬುಟ್ಟಿ ಸಮೇತ ಬಂದು ಕಟ್ಟೆಗೆ ಕೂತ. "ಅಪ್ಪಣಿ ಇಲ್ಲದ ಹೊಸ್ತಲಾ ದಾಟೀರಿ. ತಪ್ಪುಕಾಣಿಕಿಗೆ ಹೂ ಕೇಳಬೇಕು." ಎರಡು ಸಲ ಕೆಮ್ಮಿದ.

ಸವಿತಾ ಅಪ್ಪನ ಮುಖ ನೋಡಿದಳು. ನೀಲಪ್ಪನೂ ಕೆಮ್ಮಿದ, ಒಂದಲ್ಲ, ಎರಡು ಸಲ.

"ಅಪ್ಪಣೀ ಆಗೇತಿ ಅಜ್ಜಾರ... ಬರೂ ತಿಂಗಳ ತಪಾಸಣಿಗೆ ಹೋಗೂದೈತಿ... ಬುಟ್ಟಿ ತಗೊಂಡು ನೀವಿನ್ನ ಹೊಂಡ್ರಿ..."

ಅಣಕ ಏನೇನೂ ಚೆನ್ನಾಗಿರಲಿಲ್ಲ. ರಾಗ ತಪ್ಪಿತ್ತು, ಕೆಮ್ಮು ಹೆಚ್ಚಾಗಿತ್ತು. ಹೊಳೆವ್ವ ಬಲಗೈಯಲ್ಲಿ ಸೆರಗು ಬಾಯಿಗೊತ್ತಿದಳು. ಸವಿತಾ ಬಾಗಿಲು ಹಿಡಿದು ನಕ್ಕಳು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕವನು ಫೋನಿನಲ್ಲಿ ಮೋಸಹೋದ ನೀಲಪ್ಪನೇ. ನಗುತ್ತಲೇ ಹೆಂಡತಿಯ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದ, ಬಿಡಲೇ ಇಲ್ಲ.