ಮಣ್ಣು ಕೊಟ್ಟು ಬಂದ ಕೈಗಳು

ಅಶ್ವಿನಿಯ ಕೈಯಲ್ಲಿದ್ದ ಸಾಬೂನನ್ನು ಶಂಕರಮ್ಮ ಕಸಿದುಕೊಂಡು ಸೆರಗಿನಡಿ ಮುಚ್ಚಿದಳು. ಮಾವನ ಅಕ್ಕ, ನಂದವರದಿಂದ ಬೆಳಿಗ್ಗೆ ಬಂದವಳು.

"ಮಣ್ಣು ಕೊಟ್ಟ ಮನ್ಯಾಗ ಮೂರು ದಿನ ಸಬಕಾರ ಮುಟ್ಟಬಾರದು. ನಿಮ್ಮ ಕಡೆ ಇಷ್ಟೂ ಹೇಳಿಕೊಟ್ಟಿಲ್ಲೇನವ್ವ?"

ಅಂಗಳದಲ್ಲಿ ಹತ್ತು ಮಂದಿ ನಿಂತಿದ್ದರು. ಶಿವನ ಪಾದ ಸೇರಿದ ಅಶ್ವಿನಿಯ ಅತ್ತೆ ಗುರುಶಾಂತಮ್ಮನ ಸಮಾಧಿಗೆ ಹಿಡಿಹಿಡಿ ಮಣ್ಣು ಹಾಕಿ ಬಂದವರು; ಉಗುರುಗಳಲ್ಲಿ ಇನ್ನೂ ಕರಿಮಣ್ಣು. ಕಾಲಿಗೊಂದು ತಂಬಿಗೆ ನೀರು ಸುರಿದುಕೊಂಡು, ದೀಪ ನೋಡಿ ಆಗಿತ್ತು. ಈಗ ಎಲ್ಲರಿಗೂ ಕೂಸು ಬೇಕು. ಅಜ್ಜಿ ಹೋದ ದಿನ ಮೊಮ್ಮಗಳ ಬಾಯಿಗೆ ಹಿರಿಯರು ಬೆರಳಿನಿಂದ ಸಕ್ಕರೆ ನೆಕ್ಕಿಸಬೇಕಂತೆ.

"ಅತ್ತಿ, ಭುವನಾಗ ಎಂಟೇ ತಿಂಗಳು. ನಮ್ಮತ್ತಿ ಹಾಸಿಗಿ ಹಿಡಿದಾಗ ನೋಡಾಕ ಬಂದವರೆಲ್ಲ ಎತ್ಕೊಂಡ್ರು. ಭೇದಿ ಹತ್ತಿ ನಾಕು ದಿನ ಆದೋನಿ ಆಸ್ಪತ್ರ್ಯಾಗ ಸಲೈನ್ ಹಚ್ಚಿದ್ರು. ಇನ್ನೊಮ್ಮೆ ಆದ್ರ ತಡಿಯಂಗಿಲ್ಲ ಅಂದಾರ."

"ಏಂ ಕಾದಮ್ಮಾ, ಏನೂ ಆಗಂಗಿಲ್ಲ. ನಾವೆಲ್ಲ ಹಂಗ ಬೆಳದಿಲ್ಲೇನು?"

"ಇವತ್ತೊಂದಿನ ಸುಮ್ನಿರು ಮಾರಾಯ್ತಿ, ಮಂದಿ ನೋಡ್ತಾರ" ಎಂದ ಗಂಡ ವಾಗೀಶ್, ಮೆಲ್ಲಗೆ.

ಬೆಳಗಿನಿಂದ ಕಾಪಾಡಿಕೊಂಡಿದ್ದ ಅಶ್ವಿನಿಯ ತಾಳ್ಮೆ ತಳ ಕಂಡಿತು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಕೈ ತೊಳೀರಿ ಎಂಬ ಇದೊಂದೇ ಮಾತು ಹೇಳಿ ಗಂಟಲು ಹರಿದುಕೊಂಡ ಅತ್ತೆಯ ಮನೆ ಇದು!

*

ಬಾಣಂತನ ಮುಗಿದು ಗಂಡನ ಮನೆಗೆ ಬಂದ ಹೊಸತರಲ್ಲಿ, ಅಶ್ವಿನಿಯ ಅಪ್ಪ ಉರುಕುಂದದಿಂದ ಈರಣ್ಣಸ್ವಾಮಿಯ ಭಸ್ಮ ತಂದಿದ್ದ. ತೊಟ್ಟಿಲಿಗೆ ಕೈಚಾಚುವ ಮೊದಲೇ ಗುರುಶಾಂತಮ್ಮ ಅಡ್ಡ ನಿಂತಳು.

"ಬೇಜಾರಾಗಬ್ಯಾಡ್ರಿ ಬೀಗರ, ಬಸ್ಸು ಹಿಡಿದ ಕೈ ಐತಿ. ಸಬಕಾರ ಅಲ್ಲೈತಿ ನೋಡ್ರಿ."

ತೊಳೆದು ಬಂದರೆ, "ಬೆರಳಸಂದಿ ಬಿಟ್ಟೀರಿ" ಎಂದು ಮತ್ತೆ ಕಳಿಸಿದಳು. ಅಪ್ಪನ ಮುಖ ಸಣ್ಣದಾಯಿತು. ಅಶ್ವಿನಿ ಎರಡು ದಿನ ಮಾತು ಬಿಟ್ಟಳು.

ಮೂರನೆಯ ದಿನ ಅತ್ತೆ ರೊಟ್ಟಿ ಬಡಿಯುತ್ತ, ಮುಖವೆತ್ತದೆ ಹೇಳಿದಳು: "ನಾ ಕೆಲಸಕ್ಕ ಸೇರಿದ ವರ್ಷ ವಾಂತಿ-ಭೇದಿಗೆ ಮೂರು ಕೂಸು ಹೋದ್ವು. ರಿಜಿಸ್ಟರ್‌ನಾಗ ಹೆಸರು ಬರದಾಕಿನೂ ನಾನ, ಗೀಟು ಹೊಡದಾಕಿನೂ ನಾನ. ಸಿಟ್ಟಾಗವ್ವ. ನಿನ್ನ ಸಿಟ್ಟು ತಡಕೊಂತೀನಿ."

*

ಅಶ್ವಿನಿ ಒಳಗಿನಿಂದ ಹೊಸ ಸಾಬೂನು ತಂದಳು. ಕೂಸು ಮಲಗಿದ ಕೋಣೆಯ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಉಗುರು, ಬೆರಳಸಂದಿ, ಮುಂಗೈ. ಆಮ್ಯಾಲೆ ಕೂಸು."

"ಅಯ್ಯ ಶಿವನ! ಗುರುಶಾಂತಿನ್ನ ಮಣ್ಣಾಗ ಇಟ್ಟು ಬಂದ್ವಿ ಅನ್ಕೊಂಡ್ರ, ನಮಗಿಂತ ಮೊದಲ ಮನಿಗೆ ಬಂದು ನಿಂತಾಳಲ್ಲ!" ಎಂದಳು ಶಂಕರಮ್ಮ. ಯಾರೋ ನಕ್ಕು, ನಗೆಯನ್ನು ಕೆಮ್ಮು ಮಾಡಿಕೊಂಡರು.

ಕಟ್ಟೆಯ ಮೇಲೆ ಕುಳಿತಿದ್ದ ಮಾವ ಕೊಟ್ರಬಸಪ್ಪ ಎದ್ದ. "ತಾ ಇಲ್ಲಿ. ಆಕಿ ಇದ್ದಾಗ ಹಿತ್ತಲದಾಗಿಂದ ತಪ್ಪಿಸ್ಕೊಂತಿದ್ದೆ. ಇವತ್ತ ಎಲ್ಲಿಗೆ ಓಡ್ಲಿ?"

ಅವನು ಉಜ್ಜಿದ. ಸಾಬೂನು ಕೈಯಿಂದ ಕೈಗೆ ಹೋಯಿತು, ಗೊಣಗಾಟವೂ ಜೊತೆಗೇ ಹೋಯಿತು. "ಶಾಸ್ತ್ರ ಕೆಡಿಸಿದ್ರಿ, ಎಲ್ಲಾ ಕೆಡಿಸಿದ್ರಿ" ಎನ್ನುತ್ತಲೇ ಕಡೆಯದಾಗಿ ಶಂಕರಮ್ಮ ಮೊಣಕೈವರೆಗೆ ನೊರೆ ಎಬ್ಬಿಸಿದಳು.

ನೊರೆ ತೊಳೆಯಲು ವಾಗೀಶ್ ನೀರಿನ ಡ್ರಮ್ಮಿಗೆ ತಂಬಿಗೆ ಇಳಿಸಿದ. ಟಣ್ ಎಂದಿತು.

"ನೀರು ಮುಗದಾವ. ನಳ ನಾಳೆ ಬರ್ತೈತಿ."

ಅಶ್ವಿನಿ ಹಣೆ ಬಡಿದುಕೊಂಡಳು. "ಯಾರಾರ ಧೋತ್ರಕ್ಕ ಒರಸ್ಕೊಂಡ್ರ ನೋಡ್ರಿ ಮತ್ತ!"

ವಾಗೀಶ್ ಕೊಡ ಹಿಡಿದು ಪಕ್ಕದ ಮನೆಗೆ ಓಡಿದ. ಹತ್ತು ಮಂದಿ ಅಂಗಳದಲ್ಲಿ, ಲಿಂಗಪೂಜೆಗೆ ಕುಳಿತವರಂತೆ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅಲುಗಾಡದೆ ನಿಂತರು. ಬಿಸಿಲಿಗೆ ಬಿಳಿ ನೊರೆ ಸಣ್ಣಗೆ ಚಟಗುಟ್ಟುತ್ತ ಒಣಗತೊಡಗಿತ್ತು.